ತೊಟ್ಟಿಲಿನ ಕೋಣೆ

ಚಾಂಗ್‌ಶಾ, ಏಪ್ರಿಲ್ ೧೯೮೨

ಪ್ರೀತಿಯ ಅಮ್ಮ,

ನಿನ್ನೆ ನಮ್ಮ ಕಾರ್ಖಾನೆಯವರೆಲ್ಲ ಕ್ರಾಂತಿಯ ನಾಯಕ ಶೆನ್ ಬೊಯಾನ್ ಅವರ ಹಳೆಯ ಮನೆ ನೋಡಲು ಹೋಗಿದ್ದೆವು. ಮಲಗುವ ಕೋಣೆಯ ಗೋಡೆಯ ಮೇಲೆ ಹರೆಯದ ನಿನ್ನ ಫೋಟೋ ಇತ್ತು. ಎಡಹುಬ್ಬಿನ ಗಾಯದ ಕಲೆ ಕಂಡು ನೀನೇ ಎಂದು ಗುರುತು ಹಿಡಿದೆ.

“ಅವರ ಹೆಂಡ್ತಿ ಕಣಕ್ಕಾ. ಮೂವತ್ನಾಲ್ಕನೇ ಇಸವೀಲಿ ಆಗಿನ ಸರ್ಕಾರದವರು ಗುಂಡಿಕ್ಕಿ ಕೊಂದ್ರು. ಗಂಡ ಎಲ್ಲಿದಾನೆ ಅಂತ ಕೊನೇವರೆಗೂ ಬಾಯಿ ಬಿಡ್ಲಿಲ್ಲ,” ಎಂದಳು ಮನೆ ತೋರಿಸುವವಳು. ಎಲ್ಲರೂ ತಲೆ ಬಾಗಿಸಿದರು. ಬದುಕಿರುವ ನನ್ನ ತಾಯಿಗೆ ನಾನೂ ಬಾಗಿಸಿದೆ.

ಅಲ್ಲಿ ನಾನೇನೂ ಹೇಳಲಿಲ್ಲ. ನೀನೂ ಈ ಪತ್ರವನ್ನು ಅಪ್ಪನಿಗೆ ತೋರಿಸಬೇಡ. ಮಂಡಿನೋವಿಗೆ ಎಣ್ಣೆ ಕಳುಹಿಸಿದ್ದೇನೆ, ಹಚ್ಚಿಕೋ.

ಮಂಚದ ಪಕ್ಕ ತೊಟ್ಟಿಲಿದೆ. ತಾಯಿಯ ಜೊತೆಗೇ ಸತ್ತ ಎರಡು ತಿಂಗಳ ಹೆಣ್ಣುಮಗುವಿನದಂತೆ. ನಾನು ಹುಟ್ಟಿದ್ದೂ ಅದೇ ವರ್ಷ. ಯಾವ ಮನೆಯಲ್ಲಿ ಎಂದು ನಿನ್ನ ಕೈಯಾರೆ ಬರೆದು ತಿಳಿಸು.

ಉತ್ತರಕ್ಕೆ ಕಾಯುವ ನಿನ್ನ ಮಗಳು,
ಚಿಯೋಯುನ್