ಒಬ್ಬರು ಒಳಗೆ ಬರಬಹುದು

ಅವ್ವಾ,

ನಿನ್ನೆ ವಾಶಿಯ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕೆಂದು ನೀನು ರಬಾಳೆಯ ನಿನ್ನ ಖೋಲಿಯಲ್ಲಿ ಒಂದು ಮೂಲೆ ತೆರವು ಮಾಡಿಟ್ಟಿದ್ದೆ. ಈಗ ಅಲ್ಲಿ ಬೇರೆಯವರಿದ್ದಾರೆ.

ಹೆರಿಗೆ ಬ್ಯಾನಿ ಹೆಚ್ಚಲೆಂದು ಸಲೈನಿನಲ್ಲಿ ಆಕ್ಸಿಟೋಸಿನ್ ಬಿಟ್ಟರು. ತಾಳಲಾರದೆ ಚೀರಿದೆ. ಮೈಸೂರು ಕಡೆಯ ಡಾಕ್ಟರಮ್ಮ, "ಬೇಕಾದವರು ಕೈ ಹಿಡ್ಕೊಂಡ್ರೆ ನಮ್ಮ ಮೆದುಳೂ ಇದೇ ಆಕ್ಸಿಟೋಸಿನ್ ತಯಾರಿಸುತ್ತಮ್ಮ. ಅಲ್ಲಿ ಅದು ನೋವು ತಗ್ಗಿಸುತ್ತೆ. ಒಬ್ಬರು ಒಳಗೆ ಬರಬಹುದು, ಯಾರನ್ನ ಕರೀಲಿ?" ಎಂದರು.

"ನಮ್ಮವ್ವನ್ನ ಕರೀರಿ" ಎಂದುಬಿಟ್ಟೆ.

ಅವರು ಬಾಗಿಲು ತೆರೆದು ಕೂಗಿದರು, "ನೀಲಮ್ಮಾ ಕೀ ಮಾ ಕೌನ್ ಹೈ?" ಹೊರಗಿದ್ದ ಅತ್ತೆ ಎದ್ದು ಬಂದು ಕೈ ಹಿಡಿದರು. ನೋವು ತಗ್ಗಿತು ಅವ್ವಾ, ಸುಳ್ಳು ಹೇಳಲಾರೆ.

ಎರಡು ತಿಂಗಳ ಹಿಂದೆ ನಿನ್ನ ಐಸಿಯು ಬಾಗಿಲಲ್ಲಿ, "ನೀವು ಗರ್ಭಿಣಿ, ಒಳಗೆ ಬೇಡ" ಎಂದಿದ್ದರು. ನಾನು ಹೂಂ ಎಂದೆ. ನಿನಗೆ ತುಂಬಾ ನೋವಿತ್ತೇನವ್ವಾ? ನಿನ್ನ ಕೈಯಿಂದ ತೆಗೆದ ಹಸಿರು ಬಳೆಗಳನ್ನು ಆಯಾ ತಂದು ನನಗೆ ಕೊಟ್ಟಿದ್ದಳು. ನೀನು ಹೋಗುವ ತನಕ ನಾನು ಹೊರಗೆ ಅವನ್ನೇ ಹಿಡಿದುಕೊಂಡು ಕೂತಿದ್ದೆ.