ಸರ್ಕಲ್ಲಿನ ಗಜಾನನ

ಘಟಪ್ರಭಾ
೨೯ ಜನವರಿ ೨೦೨೪

ಪ್ರೀತಿಯ ಬೇಗಂಬಿ ಅಕ್ಕನಿಗೆ,

ವಿಜಯಲಕ್ಷ್ಮಿಯ ಶರಣು. ನಿನ್ನ ಮೊಣಕಾಲು ಹೇಗಿದೆ? ಹುಕ್ಕೇರಿಗೆ ಮಗಳು ಸಮ್ರೀನಳ ಮನೆಗೆ ಹೋದವಳು ನಮ್ಮ ಓಣಿಯನ್ನು ಮರೆತೇಬಿಟ್ಟೆ ಎಂದು ಬೈಯೋಣವೆಂದರೆ, ಮೊದಲು ಬೈಸಿಕೊಳ್ಳಬೇಕಾದವಳು ನಾನೇ. ದೀಪಾವಳಿಗೆ ಬರೆಯಬೇಕಾದ ಕಾಗದ ಇದು. ಫೋನಿನಲ್ಲಿ ನಿನಗೆ ಅರ್ಧ ಕೇಳಿಸುತ್ತದೆ, ಉಳಿದರ್ಧ ನೀನೇ ಹುಟ್ಟಿಸಿಕೊಳ್ಳುತ್ತೀ. ಸಮ್ರೀನ ಓದಿ ಹೇಳಲಿ.

ಮೊನ್ನೆ ಇಪ್ಪತ್ತಾರಕ್ಕೆ ಮತ್ತೆ ನಮ್ಮಿಬ್ಬರನ್ನೂ ಸರ್ಕಲ್ಲಿನಲ್ಲಿ ಕುರ್ಚಿ ಹಾಕಿ ಕೂಡಿಸಿದರು. ಶಾಲು, ಹಾರ, ಭಾಷಣ. ಬಿಸಿಲಿಗೆ ನಮ್ಮ ಮನೆಯವರು ತೂಕಡಿಸಿದರು. ‘ಹುತಾತ್ಮ ಯೋಧನ ತಂದೆ ಕಣ್ಣೀರಿಟ್ಟರು’ ಎಂದು ಪೇಪರಿನಲ್ಲಿ ಬಂತು.

ನಮ್ಮ ಗಜಾನನ ಗಡಿಯಲ್ಲಿ ತೀರಿಕೊಂಡ ವರ್ಷವೇ ಓಣಿಯ ಹುಡುಗರು ಪಟ್ಟಿ ಎತ್ತಿ ಸಿಮೆಂಟಿನ ಮೂರ್ತಿ ನಿಲ್ಲಿಸಿದ್ದು ನಿನಗೆ ನೆನಪಿದೆ. “ಮೀಸಿ ಇಲ್ಲದ ಸೋಲ್ಜರ್ ಹೆಂಗ ಕಾಣ್ತಾನ್ರಿ?” ಎಂದು ಹಿರಿಯರು ಹಟ ಹಿಡಿದು ಮೀಸೆ ಕೂಡಿಸಿದರು. ಅಂದಿನಿಂದ ಇಷ್ಟೂ ವರ್ಷ ಪ್ರತಿ ಆಗಸ್ಟಿಗೂ ಜನವರಿಗೂ ಹಳೆಯದನ್ನು ಕೆರೆಯದೆ ಮೇಲೊಂದು ಕೈ ಎಣ್ಣೆಬಣ್ಣ. ಈಗಂತೂ ನಮ್ಮ ಓಣಿಯ ಮರೆವ್ವ ಮೂರ್ತಿಗೆ ಕುಂಕುಮ ಹಚ್ಚಿ, ಮೊಮ್ಮಗನ ಜ್ವರ ಇಳಿಸಪ್ಪಾ ಎಂದು ಬೇಡಿಕೊಳ್ಳುತ್ತಾಳೆ. ನಾನು ಅಂಗನವಾಡಿ ಕೆಲಸಕ್ಕೆ ಹೋದಾಗೆಲ್ಲ ನಿನ್ನ ಮಡಿಲಲ್ಲಿ ಬೆಳೆದವನು ಗಜಾನನ. ತನ್ನ ನೆಗಡಿಯನ್ನೇ ಇಳಿಸಿಕೊಳ್ಳಲಾರದವ ಎಂದು ನಿನಗೆ ಗೊತ್ತಿಲ್ಲವೇ?

ಮನೆಯಲ್ಲಿ ಅವನ ಫೋಟೋ ಹಾಕಲು ನಾನು ಬಿಟ್ಟಿಲ್ಲ. ಹಾರ ಹಾಕಿದ ಫೋಟೋದ ಕೆಳಗೆ ಕೂತು ರೊಟ್ಟಿ ಬಡಿಯುವುದು ನನ್ನಿಂದಾಗದು. ನೋಡಬೇಕೆನಿಸಿದರೆ ಸರ್ಕಲ್ಲಿಗೆ ಹೋಗಿ ಬರುತ್ತೇನೆ.

ಈಗ ರಸ್ತೆ ಅಗಲ ಮಾಡುತ್ತಾರೆ. ಸಿಮೆಂಟಿನದನ್ನು ತೆಗೆದು ಕಂಚಿನದು ಕೂಡಿಸುತ್ತಾರಂತೆ. ಅದನ್ನು ಮಾಡುವವನು ಗೋಕಾಕದ ಅಶೋಕ. ಮೊದಲು ಮಣ್ಣಿನಲ್ಲಿ ಮುಖ ಮಾಡುತ್ತಾನೆ, ತಾಯಿ ನೋಡಿ ಹೂಂ ಎಂದ ಮೇಲೆಯೇ ಎರಕ. ಅದಕ್ಕೇ ನಿನ್ನೆ ಮೂರ್ತಿ ಕಮಿಟಿಯವರ ಜೊತೆ ನಾವಿಬ್ಬರೂ ಗೋಕಾಕಕ್ಕೆ ಹೋಗಿದ್ದೆವು. ಒದ್ದೆ ಅರಿವೆ ತೆಗೆದರೆ ಒಳಗೆ ಯಾವನೋ ಬಡಕಲು ಹುಡುಗ, ಕಿವಿ ಬೇರೆ ಮುಂದಕ್ಕೆ ಬಂದಿವೆ.

“ಇವ ಯಾರಪಾ?” ಎಂದೆ.

“ಅವ್ವಾರ, ಕಮಿಟಿಯವ್ರು ಕೊಟ್ಟ ಫೋಟೋ ನೋಡೇ ಮಾಡೇನ್ರಿ.”

“ಹಡದಾಕಿ ನಾನೋ, ಫೋಟೋನೋ? ಮೀಸಿ ಬ್ಯಾಡ, ಅದು ಊರ ಮಂದಿ ಹುಚ್ಚು. ಆದ್ರ ಗಲ್ಲ ತುಂಬು, ಕಿವಿ ಹಿಂದ ಸರಿಸು.”

ಪಾಪ, ಎದುರಾಡದೆ ಮಣ್ಣು ಮೆತ್ತಿದ. ಸರಿಯಾಗುವವರೆಗೆ ನಿಂತು ಮಾಡಿಸಿದೆ. ಕಮಿಟಿಯವರೆಲ್ಲ ತಲೆಯಾಡಿಸಿದರು. ನಮ್ಮ ಮನೆಯವರು ಮಾತ್ರ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತವರು ಘಟಪ್ರಭಾ ಬಂದರೂ ಈ ಕಡೆ ತಿರುಗಲಿಲ್ಲ. ನನಗೂ ಏಕೆಂದು ಕೇಳುವಷ್ಟು ತ್ರಾಣ ಇರಲಿಲ್ಲ.

ಸಾಕಾಗಿದೆ ಅಕ್ಕಾ. ಮಗ ಹೋದ ದುಃಖವಾದರೂ ನನ್ನದು. ಈ ಹಾರ-ತುರಾಯಿ ಯಾರದೋ, ಹೊರುವವಳು ನಾನು.

ಸಮ್ರೀನಳಿಗೂ ಅವಳ ಮಕ್ಕಳಿಗೂ ನನ್ನ ಆಶೀರ್ವಾದ, ಹೊಟ್ಟೆ ತಣ್ಣಗಿರಲಿ. ನಿನ್ನ ದುವಾದಲ್ಲಿ ನಮ್ಮನ್ನೂ ನೆನೆ.

ನಿನ್ನ ತಂಗಿ
ವಿಜಯಲಕ್ಷ್ಮಿ

ತಾ.ಕ.: ಮಡಚಿದ ಕಾಗದ ಮತ್ತೆ ಬಿಚ್ಚಿದ್ದೇನೆ. ಈಗಷ್ಟೇ ನಮ್ಮ ಮನೆಯವರು ಟ್ರಂಕಿನ ತಳದಿಂದ ಗಜಾನನನ ಫೋಟೋ ತಂದು ನನ್ನ ಮುಂದಿಟ್ಟರು. “ನಿನ್ನೆ ಮಣ್ಣಿನ್ಯಾಗ ಇದ್ದವ ಇವನ ಅಲ್ಲೇನ?” ಎಂದರು. ಅವನೇ ಅಕ್ಕಾ. ಅದೇ ಕಿವಿ, ಅದೇ ಬತ್ತಿದ ಗಲ್ಲ. ಬಣ್ಣ ಬಳಿದು ಬಳಿದು ಉಬ್ಬಿದ ಮುಖವನ್ನೇ ನಾನು ಮಗನದೆಂದುಕೊಂಡುಬಿಟ್ಟಿದ್ದೆ. ಎದುರಿಗೇ ಇದ್ದವನನ್ನು ಯಾರಪಾ ಎಂದು ಕೇಳಿ, ನಿಂತು ಮಣ್ಣು ಮುಚ್ಚಿಸಿ ಬಂದೆ. ಫೋಟೋ ಕೆಳಗಿಟ್ಟು ಕಣ್ಣು ಮುಚ್ಚಿದರೆ ಈಗಲೂ ಸರ್ಕಲ್ಲಿನವನೇ ಬರುತ್ತಾನೆ. ಎರಕ ಮುಂದಿನ ವಾರವಂತೆ. ನೀನು ಅವನಿಗೆ ಎಣ್ಣೆ ಹಚ್ಚಿ ಎರೆದವಳು, ನಿನ್ನ ಕೈಗಾದರೂ ಆ ಮುಖ ನೆನಪಿರುತ್ತದೆ. ಮೊಣಕಾಲು ನೋವಿದ್ದರೂ ಗೋಕಾಕಕ್ಕೆ ಬಾ. ತಾಯಿ ಬಂದಿದ್ದಾಳೆ ಎಂದು ಅಶೋಕನಿಗೆ ನಿನ್ನನ್ನೇ ತೋರಿಸುತ್ತೇನೆ.