ಪೀಠಕ್ಕೇರಿದ ಅಪ್ಪನ ಕಥೆ

ಕೊಕಟನೂರ, ತೋಟದ ಮನೆ
ಮಂಗಳವಾರ, ೩೦ ಆಗಸ್ಟ್ ೧೯೯೪

ಪ್ರೀತಿಯ ಸಾವಕ್ಕಾ,

ನಿನ್ನ ಮೊಣಕಾಲು ನೋವು ಈಗ ಹೇಗಿದೆ? ಭಾವನವರ ಕೆಮ್ಮು ಕಡಿಮೆಯಾಯಿತೇ? ಇಚಲಕರಂಜಿಯ ಮಗ್ಗಗಳ ಹತ್ತಿಧೂಳು ಮಳೆಗಾಲದಲ್ಲಾದರೂ ಸ್ವಲ್ಪ ತಗ್ಗುತ್ತದೆಂದು ನೀನು ಹೋದ ಸಲ ಬರೆದಿದ್ದೆ, ಹಾಗೇ ಇರಲಿ. ನಾನು ಚೆನ್ನಾಗಿದ್ದೇನೆ. ಅಥಣಿಯ ಕಾಲೇಜಿಗೆ ರಜೆ ಹಾಕಿ ಅಪ್ಪನ ಹತ್ತಿರ ಬಂದು ಕುಳಿತಿದ್ದೇನೆ. ಅಪ್ಪನ ಹೆಸರು ಕಂಡ ಕೂಡಲೇ ಪತ್ರ ಮಡಚಿ ಡಬ್ಬಿಯಲ್ಲಿಡಬೇಡ ಅಕ್ಕಾ, ಕೊನೆಯವರೆಗೆ ಓದು. ನಿಮ್ಮ ಓಣಿಯ ಕಿರಾಣಿ ಅಂಗಡಿಗೆ ಫೋನು ಮಾಡಿ ಹೇಳಬಹುದಿತ್ತು. ಆದರೆ ಇದು ಅಕ್ಕಿ ಬೇಳೆ ತೂಗುವವರ ನಡುವೆ ನಿಂತು ಕೇಳುವ ಮಾತಲ್ಲ.

ಅಪ್ಪ ತನ್ನ ಜೀವನದ ಕಥೆ ಹೇಳುತ್ತಿದ್ದಾನೆ, ನಾನು ಬರೆದುಕೊಳ್ಳುತ್ತಿದ್ದೇನೆ ಎಂಬುದು ನಿನಗೆ ಗೊತ್ತು. ಆ ವಿಷಯಕ್ಕೆ ನೀನು ಉತ್ತರವನ್ನೇ ಬರೆಯಲಿಲ್ಲ. ಎರಡು ಚಳಿಗಾಲ ಹಿಡಿಯಿತು, ನೂರಾ ಹತ್ತು ಪುಟವಾಯಿತು. ದೀಪಾವಳಿಗೆ ಅಚ್ಚು ಹಾಕಿಸಬೇಕೆಂದು ಅಪ್ಪನ ಹಟ. ಅಥಣಿಯಲ್ಲಿ ನಾವು ನಾಲ್ಕು ಜನ ಹೆಂಗಸರು ಭಾನುವಾರ ಕೂಡಿ ಆತ್ಮಕಥೆ, ದೊಡ್ಡವರ ಜೀವನಚರಿತ್ರೆಗಳನ್ನು ಓದುತ್ತೇವಲ್ಲ, ಅಲ್ಲಿ ಗಣಿತದ ಭೀಮಾಬಾಯಿ ಪ್ರತಿ ಪುಸ್ತಕಕ್ಕೂ ಒಂದೇ ಮಾತು ಹೇಳುತ್ತಾಳೆ: "ಮುನ್ನೂರ ಪುಟಾ ಓದಿದ್ನಿ ಬಾಯಿ, ಇವರ ಮನ್ಯಾಗ ರೊಟ್ಟಿ ಯಾರ ಬಡೀತಿದ್ರು ಅನ್ನೂದ ಒಂದ ಸಿಗಲಿಲ್ಲ." ನಾವು ನಗುತ್ತೇವೆ. ನಾನಂತೂ ಆತ್ಮಕಥೆ ಹೇಳುವವನ ಹಕ್ಕು, ಬೇಕಾದ್ದು ಹೇಳಲಿ, ಗದ್ಯ ಚೆನ್ನಾಗಿದ್ದರೆ ಸಾಕು ಎಂದು ವಾದಿಸುತ್ತಿದ್ದೆ. ಆ ವಾದ ಹೋದ ಶುಕ್ರವಾರ ಈ ಪಡಸಾಲೆಯಲ್ಲೇ ನೆಲಕ್ಕೆ ಬಿತ್ತು. ಅದನ್ನು ಹೇಳಲಿಕ್ಕೇ ಕುಳಿತಿದ್ದೇನೆ.

ಮಳೆಗೆ ಮಾಳಿಗೆ ಸೋರುತ್ತಿತ್ತೆಂದು ಹಸ್ತಪ್ರತಿಯನ್ನು ಕೆಂಪು ವಸ್ತ್ರದಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದೆ. ಶ್ರಾವಣದಲ್ಲಿ ನಮ್ಮ ಪಡಸಾಲೆಯಲ್ಲಿ ಪುರಾಣ ಓದುವುದು ಈಗಲೂ ನಡೆದಿದೆ. ಪುಸ್ತಕ ಮಠದಿಂದ ಬರಬೇಕು, ಈ ವರ್ಷ ತಡವಾಯಿತು. ಆಡು ಕಾಯುವ ಕೆಂಚವ್ವ ನೆನಪಿದ್ದಾಳಲ್ಲ, ಈಗ ಹಲ್ಲೆಲ್ಲ ಹೋಗಿವೆ, ಬಾಯಿ ಮಾತ್ರ ಹಾಗೇ ಇದೆ. ಅವಳು ಮೊದಲ ದಿನ ಎಲ್ಲರಿಗಿಂತ ಮುಂಚೆ ಬಂದು, ಕೆಂಪು ವಸ್ತ್ರ ಕಂಡು, ಇದೇ ಪುರಾಣವೆಂದು ತಿಳಿದು, ಕೆಳಗಿಳಿಸಿ ವ್ಯಾಸಪೀಠದ ಮೇಲಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆದುಬಿಟ್ಟಿದ್ದಾಳೆ! ನಾನು ಹಿತ್ತಲಿನಿಂದ ಬರುವಷ್ಟರಲ್ಲಿ ಮೂವತ್ತು ಜನ ಕೈಮುಗಿದು ಕುಳಿತಿದ್ದರು. ಇದು ಪುರಾಣವಲ್ಲ, ಅಪ್ಪನ ಕಥೆ ಎಂದೆ. ಪ್ರತಿ ವರ್ಷ ಅರ್ಥ ಹೇಳುವ ಮಲಕಾರಿ ತಲೆ ಅಲ್ಲಾಡಿಸಿದ. "ಪೂಜಿ ಆದ ಪುಸ್ತಕ ಮಂಗಲ ಆಗೂತನಾ ಕೆಳಗ ಇಳಸಾಕ ಬರಂಗಿಲ್ಲವ್ವಾ. ಯಾರದರ ಇರ್ಲಿ, ಓದ." ಅಪ್ಪನ ಮುಖ ನೋಡಬೇಕಿತ್ತು ನೀನು. ಎಪ್ಪತ್ತೆಂಟು ವರ್ಷದವನು ಮದುವಣಿಗನ ಹಾಗೆ ಹೊಸ ರುಮಾಲು ಸುತ್ತಿಕೊಂಡು ಬಂದು ಹೊರಸಿನ ಮೇಲೆ ಕುಳಿತ.

ಏನು ಸೊಗಸು ಅಕ್ಕಾ ಆ ಸಂಜೆಗಳು! ನಾನು ಒಂದು ವಾಕ್ಯ ಓದಬೇಕು, ಮಲಕಾರಿ ಅದಕ್ಕೆ ಅರ್ಥ ಹೇಳಬೇಕು. ಅಪ್ಪ ಹನ್ನೆರಡನೇ ವರ್ಷಕ್ಕೆ ನೇಗಿಲು ಹಿಡಿದನೆಂದು ಓದಿದರೆ, ಮಲಕಾರಿ ಕಣ್ಣುಮುಚ್ಚಿ, "ಆವಾಗ ಭೂಮಿತಾಯಿ ಆನಂದದಿಂದ ನಕ್ಕಳು" ಎನ್ನುತ್ತಾನೆ. ಕೆಂಚವ್ವ ಬಿಡಬೇಕಲ್ಲ. "ನಕ್ಕಿದ್ದು ಭೂಮಿತಾಯಿ ಅಲ್ಲಲೇ, ನಾವು. ನೇಗಲಾ ಒಂದ ಕಡೆ, ಮುರಗೆಪ್ಪಣ್ಣ ಒಂದ ಕಡೆ ಬಿದ್ದಿದ್ದ." ಅಪ್ಪನೇ ಬಿದ್ದು ಬಿದ್ದು ನಕ್ಕು, "ಅದನೂ ಹಾಕ ತಂಗಿ" ಎಂದ. ದಿನಾ ಅಂಚಿನ ತುಂಬ ತಿದ್ದುಪಡಿ. ಯಾವ ವರ್ಷ ಹೊಳೆ ಬಂತು, ಯಾರ ಎತ್ತು ಸತ್ತಿತು, ಯಾರ ಮನೆಯ ಹಿಟ್ಟು ಯಾರು ತಿಂದರು, ಎಲ್ಲಕ್ಕೂ ಸಾಕ್ಷಿ ಎದುರಿಗೇ ಕುಳಿತಿತ್ತು. ಇಪ್ಪತ್ತೆರಡು ವರ್ಷ ಪಾಠ ಹೇಳಿದ್ದೇನೆ, ಇಂಥ ಓದುಗರು ನನಗೆ ಸಿಕ್ಕಿರಲಿಲ್ಲ. ಓದು ಬಾರದ ಓದುಗರು!

ಶುಕ್ರವಾರ ದ್ರಾಕ್ಷಿಯ ಅಧ್ಯಾಯ ಬಂತು. "ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ನಾನು ಈ ಹೊಲಕ್ಕೆ ದ್ರಾಕ್ಷಿ ಬಳ್ಳಿ ತಂದು ನೆಟ್ಟೆನು" ಎಂದು ಓದಿದೆ. ಮಲಕಾರಿ ಅರ್ಥ ಹೇಳಲಿಲ್ಲ. ಕೆಮ್ಮಿದ. ಕೆಂಚವ್ವನ ಕಡೆ ನೋಡಿದ. ಅವಳು ಬಾಯಲ್ಲಿದ್ದ ಎಲೆಯನ್ನು ಹೊರಗೆ ಉಗುಳಿ ಬಂದು ಕೇಳಿದಳು. "ಯಣ್ಣಾ, ಈ ಪುಸ್ತಕದಾಗ ಸಾವಕ್ಕ ಎಲ್ಲಿ ಅದಾಳ?" ಅಪ್ಪ ರುಮಾಲು ಸರಿಪಡಿಸಿಕೊಂಡ. ಅವಳು ಬಿಡಲಿಲ್ಲ. "ತಾಸಗಾಂವದಿಂದ ಹಸಿ ಗೋಣಿಚೀಲದಾಗ ಕಡ್ಡಿ ಸುತಗೊಂಡ ಬಂದಾಕಿ ಯಾರ? ಎರಡ ಬ್ಯಾಸಗಿ ಕೊಡಾ ಹೊತ್ತಾಕಿ ಯಾರ? ನನ್ನ ಆಡ ನಾಕ ಎಲಿ ತಿಂತಂದ್ರ ಬಡಿಗಿ ತಗೊಂಡ ಊರ ಕಟ್ಟೀತನಾ ನನ್ನ ಬೆನ್ನ ಹತ್ತಿದಾಕಿ ಯಾರ, ನೀ ಏನ?" ಜನ ನಕ್ಕರು. ಅಪ್ಪ ನಗಲಿಲ್ಲ. "ನನ್ನ ಹೊಲಾ, ನನ್ನ ಕಥಿ. ನನಗ ಬೇಕಾದ್ದ ಹೇಳತೇನಿ" ಎಂದ. "ಹೇಳಪಾ, ಯಾರ ಬ್ಯಾಡ ಅಂದ್ರ? ಆದ್ರ ಅಮಾಸಿ ದಿನಾ ಮಂಗಲ ಹೆಂಗ ಮಾಡ್ತಿ? ಕಥ್ಯಾಗ ದುಡದವರ ಹೆಸರ ಹಿಡದ ಒಬ್ಬೊಬ್ಬರಿಗೆ ಒಂದೊಂದ ಆರತಿ ಎತ್ತತೇವಿ. ದುಡದಾಕಿನ್ನ ಬಿಟ್ಟ ಆರತಿ ನಾ ಹಿಡ್ಯಾಂಗಿಲ್ಲ." ಅಷ್ಟು ಹೇಳಿ ಎದ್ದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಪುಸ್ತಕ ಪೀಠದ ಮೇಲೆ ತೆರೆದೇ ಉಳಿಯಿತು, ಓದುವಂತಿಲ್ಲ, ಮುಚ್ಚುವಂತಿಲ್ಲ.

ನನಗೆ ನಾಚಿಕೆಯಾಯಿತು ಅಕ್ಕಾ. ಬಳ್ಳಿ ಹಚ್ಚಿದಾಗ ನಿನಗೆ ಹತ್ತೊಂಬತ್ತು, ನನಗೆ ಹದಿನೇಳು. ನಾನು ಎಲ್ಲ ನೋಡಿದವಳು. ನಿನ್ನ ಮದುವೆಯ ಹಿಂದಿನ ದಿನ ನೀನು ಕೇಳಿದ್ದು ಹೊಲವಲ್ಲ, ಪಾಲಲ್ಲ. "ಆ ಬಳ್ಳಿ ನನ್ನ ಮಗಳ ಹಚ್ಚಿದ್ದು ಅಂತ ಬೀಗರ ಮುಂದ ಒಂದ ಸಲಾ ಅನ್ನಪಾ" ಎಂದೆ, ಅಷ್ಟೇ. ಮರುದಿನ ಬೀಗರು ಬಳ್ಳಿಯ ಬಗ್ಗೆ ಕೇಳಿದಾಗ ಅಪ್ಪ ಎಲ್ಲರೆದುರು, "ಅದನ್ನ ಹುಡುಗಿ ಆಟಕ್ಕ ಹಚ್ಚಿದ್ಲ, ನಾ ತೋಟಾ ಮಾಡೀನಿ" ಎಂದುಬಿಟ್ಟ. ಆಮೇಲೆ ಅವ್ವ ತೀರಿದಾಗ ಒಂದು ದಿನ ಬಂದು ಹೋದೆ, ಅದಕ್ಕೂ ಹನ್ನೊಂದು ವರ್ಷವಾಯಿತು. ಇದೆಲ್ಲ ಗೊತ್ತಿದ್ದೂ, ಅಪ್ಪ "ನಾನು ನೆಟ್ಟೆ" ಎಂದಾಗ ನಾನು ಪೆನ್ನು ನಿಲ್ಲಿಸಲಿಲ್ಲ. ವಾಕ್ಯದ ಲಯ ಸರಿಯಾಗಲೆಂದು "ತಂದು" ಎಂಬ ಪದವನ್ನು ಸೇರಿಸಿದವಳೂ ನಾನೇ. ಕವಿತೆಯಲ್ಲಿ ಬಿಟ್ಟ ಮಾತು ಓದುವವರ ಮನಸ್ಸಿನಲ್ಲಿ ಬೆಳೆಯುತ್ತದೆಂದು ನಂಬಿದವಳು ನಾನು. ಇಲ್ಲಿ ಬಿಟ್ಟಿದ್ದು ಮಾತಲ್ಲ, ನಿನ್ನನ್ನು.

ಮೂರು ದಿನ ಅಪ್ಪ ಪಡಸಾಲೆಗೆ ಕಾಲಿಡಲಿಲ್ಲ. ತಮ್ಮ ಧರೆಪ್ಪ ಮಠದ ಪುಸ್ತಕ ತರುತ್ತೇನೆಂದರೆ ಅವನ ಮೇಲೆ ರೇಗಿದ. ನಿನ್ನೆ ಮುಂಜಾನೆ ನನ್ನನ್ನು ಕರೆದುಕೊಂಡು ತೋಟಕ್ಕೆ ಹೋದ. ನೀನು ಹಚ್ಚಿದ ಬಳ್ಳಿಗಳು ಈಗಿಲ್ಲ. ಅದೇ ಸಾಲಿನಲ್ಲಿ ಧರೆಪ್ಪ ಎರಡು ಸಲ ಹೊಸವು ಹಾಕಿದ್ದಾನೆ. ಬಾವಿಯ ಹಿಂದಿನ ಮೂಲೆಯಲ್ಲಿ ನಿಂತು ಕೇಳಿದ. "ಎಷ್ಟ ಕಡ್ಡಿ ತಂದಿದ್ಲ ಆಕಿ?" ನಲವತ್ತಿರಬೇಕು ಎಂದೆ. "ಅರವತ್ತ. ಇಪ್ಪತ್ತ ಒಣಗಿದ್ವು. ಒಣಗಿದ್ದ ಕಿತ್ತ ಉಡ್ಯಾಗ ಹಾಕ್ಕೊಂಡ ಈ ಕಲ್ಲಿನ ಮ್ಯಾಲ ಕುಂತ ಅತ್ತಿದ್ಲ." ಅಪ್ಪ ಮರೆತಿದ್ದಾನೆಂದು ನಾನು ಇಷ್ಟು ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಅವನು ಒಂದು ಕಡ್ಡಿಯನ್ನೂ ಮರೆತಿರಲಿಲ್ಲ. "ಬರಿ" ಎಂದ. ಏನು ಬರೆಯಲಿ ಎಂದೆ. "ಆಕಿ ಹಚ್ಚಿದ್ಲು. ನಾ ಆಟ ಅಂದ್ನಿ." ನಿಂತಲ್ಲೇ ಮೂರು ಪುಟ ಹೇಳಿಸಿದ.

ನಿನ್ನೆ ಸಂಜೆ ಕೆಂಚವ್ವನನ್ನು ಕರೆಸಿ, ಎಲ್ಲರೆದುರು ಓದಿದೆ. ಮಲಕಾರಿ ಗಂಟಲು ಸರಿಮಾಡಿಕೊಂಡು ಅರ್ಥ ಹೇಳಲು ಹೊರಟ. "ಇದಕ್ಕ ಅರ್ಥಾ ಬ್ಯಾಡ, ಸುಮ್ನ ಕುಂದರ" ಎಂದು ಕೆಂಚವ್ವ ಗದರಿದಳು. ಆದರೆ ನಿನ್ನ ಮದುವೆಯ ದಿನದ ಆ ಮಾತು ಓದಿ ಮುಗಿಸಿದಾಗ ಅಪ್ಪ ಕೈ ಎತ್ತಿ ನಿಲ್ಲಿಸಿದ. "ಮುಂದಿಂದ ನನಗ ಗೊತ್ತಿಲ್ಲ. ಆಕಿ ಹೇಳಬೇಕ." ಅಲ್ಲಿಂದ ಹಾಳೆಗಳನ್ನು ಖಾಲಿ ಬಿಟ್ಟಿದ್ದೇನೆ. ಅದರಲ್ಲಿ ನೀನು ಅಪ್ಪನನ್ನು ಬೈದರೂ ಬೈದಂತೆಯೇ ಬರೆದುಕೊಳ್ಳುತ್ತೇನೆ, ಲಯ ಸರಿಪಡಿಸುವುದಿಲ್ಲ.

ಭಾವನವರಿಗೆ ನನ್ನ ನಮಸ್ಕಾರ, ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ. ನನ್ನ ಮೇಲೆ ಸಿಟ್ಟಿದ್ದರೆ ಅದನ್ನೂ ಇಟ್ಟುಕೊಂಡಿರು, ನಾನು ಇಸಿದುಕೊಳ್ಳಲು ಸಿದ್ಧಳಿದ್ದೇನೆ.

ನಿನ್ನ ತಂಗಿ
ಅಕ್ಕುತಾಯಿ

ತಾ.ಕ.: ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಶನಿವಾರ ಬೆಳಗಿನ ಬಸ್ಸಿಗೆ ಕಾಗವಾಡ, ಮೀರಜ ದಾಟಿ ನಿಮ್ಮ ಮನೆಗೆ ಬರುತ್ತಿದ್ದೇನೆ. ಅಪ್ಪನೂ ಬರುತ್ತಾನೆ. "ಬರ್ತೇನಂತ ಬರದ್ರ ಆಕಿ ಕೀಲಿ ಹಾಕ್ಕೊಂಡ ಹೋಗ್ತಾಳ" ಎಂದು ತಿಳಿಸಬೇಡ ಅಂದಿದ್ದಾನೆ. ಕೀಲಿ ಹಾಕುವುದೂ ಬಿಡುವುದೂ ನಿನ್ನ ಕೈಯಲ್ಲಿರಲೆಂದು ನಾನು ತಿಳಿಸುತ್ತಿದ್ದೇನೆ. ಒಳಗೆ ಕರೆಯದಿದ್ದರೂ ನಡೆಯುತ್ತದಂತೆ, ಅವತ್ತು ಬೀಗರ ಮುಂದೆ ಹೇಳದ ಮಾತನ್ನು ಕಟ್ಟೆಯ ಮೇಲೆ ನಿಂತೇ ಹೇಳುತ್ತಾನಂತೆ. ಈಗ ಧೋತರ ಮಡಚುತ್ತ ಒಂದೇ ಮಾತು ಕೇಳುತ್ತಿದ್ದಾನೆ, "ಆಕಿ ಓಣ್ಯಾಗ ಸಂಜಿಕ್ಕ ಮಂದಿ ಹೊರಗ ಕುಂದರತಾರೇನ?" ಕುಳಿತಿರುತ್ತಾರೆ ಎಂದು ಹೇಳಿಬಿಟ್ಟಿದ್ದೇನೆ.